ಬಟ್ಲರ್ ಮಾಡಿದ ನೇರಳೆ ಪುಡ್ಡಿಂಗ್

1956ರ ನವೆಂಬರ್ ಒಂದರಂದು ಕೂರ್ಗ್ ರಾಜ್ಯ ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ಮಾದಾಪುರದ ಹತ್ತಿರದ ಕಾಫಿ ತೋಟವೊಂದರ ಬಂಗಲೆಯಲ್ಲಿ ಬಟ್ಲರನ್ನು ಕೆಲಸದಿಂದ ಬಿಡಿಸಿದ್ದು ಅದಕ್ಕೆ ಎರಡು ವರ್ಷ ಮೊದಲು, ಆಗಸ್ಟ್ ಮೊದಲ ವಾರದಲ್ಲಿ. ಕಾರಣ ಒಂದು ಪುಡ್ಡಿಂಗ್. ಈ ಎರಡು ಸಂಗತಿಗಳಲ್ಲಿ ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದನ್ನು ಕಂಡವರಲ್ಲಿ ಈಗ ಉಳಿದಿರುವವನು ಬಹುಶಃ ನಾನೊಬ್ಬನೇ. ನನಗೂ ಅದು ಪೂರ್ತಿ ಗೊತ್ತಿಲ್ಲ.

ನೆನಪು ಮರಳಿದ್ದು ವಾಸನೆಯಿಂದ. ಕುಶಾಲನಗರದಲ್ಲಿ ನಮ್ಮ ಪಕ್ಕದ ಮನೆಗೆ ಮಡಿಕೇರಿ ಕಡೆಯ ಕುಟುಂಬವೊಂದು ಬಂದಿದೆ. ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಮೂರರ ಸುಮಾರಿಗೆ, ಆ ಮನೆಯ ಸೊಸೆ ಸ್ಟೀಲ್ ಡಬ್ಬಿಯಲ್ಲಿ ಮದ್ದು ಸೊಪ್ಪಿನ ಪಾಯಸ ಕೊಟ್ಟು ಹೋದಳು. ಮುಚ್ಚಳ ತೆಗೆದೆ. ಹಸಿ ಎಲೆ, ಬೆಲ್ಲ, ಏಲಕ್ಕಿ, ಅದರ ಹಿಂದೆ ಔಷಧಿ ಅಂಗಡಿಯ ಒಳಗಿನಂಥ ಒಂದು ಘಾಟು...

ಬೇರೆ ಊರಿನ ಓದುಗರಿಗೆ ಇಷ್ಟು ಹೇಳಬೇಕು. ಮದ್ದು ಸೊಪ್ಪು ನಮ್ಮಲ್ಲಿ ತೋಟದ ಬೇಲಿಯ ಬುಡದಲ್ಲಿ, ತೋಡಿನ ದಡದಲ್ಲಿ ತಾನಾಗಿ ಬೆಳೆಯುವ ಗಿಡ. ಉಳಿದ ದಿನ ಅದನ್ನು ಯಾರೂ ಮೂಸುವುದಿಲ್ಲ. ಕಕ್ಕಡ ಹದಿನೆಂಟರಂದು ಮಾತ್ರ ಅದರಲ್ಲಿ ಹದಿನೆಂಟು ಬಗೆಯ ಮದ್ದು ಕೂಡಿರುತ್ತದೆ ಎಂದು ನಂಬಿಕೆ. ಸೊಪ್ಪು ಕುದಿಸಿದರೆ ನೀರು ಕಡು ನೇರಳೆಯಾಗುತ್ತದೆ. ಆ ನೀರಿನಲ್ಲಿ ಪಾಯಸ ಮಾಡುತ್ತಾರೆ. ತಿಂದವರ ಮೂತ್ರ ಮರುದಿನ ಕೆಂಪಗೆ ಹೋಗುತ್ತದೆ. ಅದರಿಂದ ಏನೂ ತೊಂದರೆಯಿಲ್ಲ. ಕೊಡಗಿನಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು. ಬೆಳಿಗ್ಗೆ ಎದ್ದು ಒಬ್ಬರನ್ನೊಬ್ಬರು ಕೇಳಿಕೊಂಡು ನಗುವುದೂ ಹಬ್ಬದ ಒಂದು ಭಾಗ. ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಯಾರಿಗೂ ಹೇಳುವುದಿಲ್ಲ.

ನಾನು ಆಗ ಆ ತೋಟದಲ್ಲಿ ಚಿಕ್ಕ ರೈಟರ್, ಅಂದರೆ ಆಫೀಸಿನ ಎರಡನೆಯ ಗುಮಾಸ್ತ. ನಮ್ಮವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡವರು. ತೋಟದ ಯಜಮಾನ ಇಂಗ್ಲಿಷ್ ದೊರೆ. ಹೆಂಡತಿ ಮೊದಲೇ ಇಂಗ್ಲೆಂಡಿಗೆ ಹೋಗಿಬಿಟ್ಟಿದ್ದರಿಂದ ಬಂಗಲೆಯಲ್ಲಿ ಇದ್ದದ್ದು ದೊರೆ, ಎರಡು ನಾಯಿ, ಬಟ್ಲರ್. ಅಡುಗೆಯೂ ಬಟ್ಲರದ್ದೇ. ಅವರು ಮಂಗಳೂರು ಕಡೆಯವರು, ಮನೆಮಾತು ಕೊಂಕಣಿ. ಯುದ್ಧದ ಕಾಲದಲ್ಲಿ ಮಿಲಿಟರಿ ಮೆಸ್ಸಿನಲ್ಲಿದ್ದು ಇರಾಕ್, ಈಜಿಪ್ಟ್, ಇಟಲಿ ಸುತ್ತಿ ಬಂದಿದ್ದರು. ಆ ಊರುಗಳ ಬಗ್ಗೆ ಏನು ಕೇಳಿದರೂ ಅಲ್ಲಿಯ ಅಡುಗೆಯನ್ನಷ್ಟೇ ಹೇಳುತ್ತಿದ್ದರು. ಬಾಂಬು ಬಿದ್ದ ಇಟಲಿಯ ಊರೊಂದರ ಬಗ್ಗೆ ಅವರಿಗೆ ನೆನಪಿದ್ದದ್ದು ಅಲ್ಲಿಯ ಮುದುಕಿಯೊಬ್ಬಳು ಟೊಮೆಟೊ ಸಾರಿಗೆ ಒಲೆಯಿಂದ ಇಳಿಸಿದ ಮೇಲೆ ಕಾಮಕಸ್ತೂರಿ ಹರಿದು ಹಾಕಿದ್ದು. ಚಾಕು ಮುಟ್ಟಿಸಲಿಲ್ಲವಂತೆ.

ವಿನಯ ಅವರ ಸ್ವಭಾವವಾಗಿರಲಿಲ್ಲ. "ಈ ಕೂರ್ಗ್ ಸ್ಟೇಟಲ್ಲಿ ಸೂಪು ಮಾಡಲಿಕ್ಕೆ ಬರುವುದು ನನಗೊಬ್ಬನಿಗೆ ಮಾರಾಯ್ರೇ. ಉಳಿದವರು ಬಿಸಿನೀರು ಮಾಡ್ತಾರೆ" ಎಂದು ತೋಟದ ದೊರೆಗಳ ಕ್ಲಬ್ಬಿನ ಕುಕ್ಕಿನ ಎದುರೇ ಹೇಳಿದ್ದನ್ನು ನಾನು ಕೇಳಿದ್ದೇನೆ.

ಅಡುಗೆಮನೆಯ ಹಿಂದೆ ಅವರದೊಂದು ಸೊಪ್ಪಿನ ಪಾತಿ ಇತ್ತು. ದೊರೆ ಊಟಿಯಿಂದ ತರಿಸಿಕೊಟ್ಟ ಪಾರ್ಸ್ಲಿ, ಥೈಮ್, ರೋಸ್‌ಮರಿ. ಅವುಗಳ ಪಕ್ಕದಲ್ಲೇ ಪುದೀನ, ಸಬ್ಬಸಿಗೆ, ಕಾಮಕಸ್ತೂರಿ, ಮರುಗ. ಒಲೆ ಹೊತ್ತಿದ ಮೇಲೆಯೇ ಸೊಪ್ಪು ಕೊಯ್ಯಬೇಕು ಎಂಬುದು ಅವರ ಕಟ್ಟುನಿಟ್ಟು. ಕೊಯ್ದ ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿ, ಒಂದು ಚೂರು ಬಾಯಲ್ಲಿಟ್ಟು ನೋಡಿಯೇ ಪಾತ್ರೆಗೆ ಹಾಕುತ್ತಿದ್ದರು. ಮರುಗ ನಮ್ಮ ಹೆಂಗಸರು ಹೂವಿನ ಜೊತೆ ಕಟ್ಟಿ ಮುಡಿಯುವ ಸೊಪ್ಪು. ಅದನ್ನು ಅವರು ಕೋಳಿಯ ಹೊಟ್ಟೆಗೆ ತುಂಬಿ ಬೇಯಿಸುತ್ತಾರೆ ಎಂದು ತಿಳಿದಾಗ ಕೂಲಿಯವರ ಮನೆಗಳ ಲೈನಿನಲ್ಲಿ ದೊಡ್ಡ ನಗೆಯಾಯಿತು. ಬಂಗಲೆಗೆ ಸೌದೆ, ಸೊಪ್ಪು ತಂದುಕೊಡುತ್ತಿದ್ದ ಅಕ್ಕ ಒಬ್ಬಳಿದ್ದಳು, ನಡುವಯಸ್ಸಿನವಳು, ಮಾತಿನಲ್ಲಿ ಜೋರು.

"ಬಟ್ಲರೇ, ಕೋಳಿಗೆ ಮರುಗ ಮುಡಿಸಿದ್ರಂತೆ. ಕುಂಕುಮ ಇಟ್ರಾ ಇಲ್ವಾ?" ಎಂದು ಅವಳು ಅಡುಗೆಮನೆಯ ಬಾಗಿಲಲ್ಲೇ ಕೇಳಿದಳು.

"ನಿನಗೆ ಅದರ ರುಚಿ ಗೊತ್ತಿದ್ರೆ ಮುಡೀತಿರಲಿಲ್ಲ, ತಿಂತಿದ್ದೆ" ಎಂದರು ಬಟ್ಲರ್.

ಹೀಗೆ ಇಬ್ಬರಿಗೂ ದಿನಾ ಜಗಳ. ಆದರೆ ಕಾಡಿನಿಂದ ಏನೇ ಹೊಸ ಎಲೆ, ಕಾಯಿ ಸಿಕ್ಕರೂ ಅವಳು ಮೊದಲು ತರುತ್ತಿದ್ದದ್ದು ಅವರ ಹತ್ತಿರ. ಕಾಚಂಪುಳಿಯನ್ನು ಅವರಿಗೆ ತೋರಿಸಿದವಳು ಅವಳೇ. ಕೊಡವರು ಹಂದಿ ಮಾಂಸಕ್ಕೆ ಹಾಕುವ ಆ ಕಪ್ಪು ಹುಳಿಯನ್ನು ಅವರು ದೊರೆಯ ಹುರಿದ ಬಾತುಕೋಳಿಯ ಮೇಲೆ ಸುರಿದರು. ದೊರೆ ಅಂದಿನಿಂದ ವಿನೆಗರ್ ತರಿಸುವುದನ್ನೇ ಬಿಟ್ಟ. ಅವಳು ತಂದ ಎಲೆಯನ್ನು ಅವರು ಎಲ್ಲಿಯದು, ಯಾರು ತಿನ್ನುತ್ತಾರೆ, ಹೇಗೆ ತಿನ್ನುತ್ತಾರೆ ಎಂದು ಕೇಳದೆ ತೆಗೆದುಕೊಳ್ಳುತ್ತಿರಲಿಲ್ಲ. "ಗೊತ್ತಿಲ್ಲದ ಎಲೆ ಪಾತ್ರೆಗೆ ಹಾಕುವವ ಕುಕ್ ಅಲ್ಲ, ಕೊಲೆಗಾರ" ಎನ್ನುತ್ತಿದ್ದರು. ಈ ಮಾತು ಮುಖ್ಯವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷ ದೊರೆ ತೋಟ ಮಾರಿ ಊರಿಗೆ ಹೋಗುವುದು ಖಚಿತವಾಯಿತು. ಕೊಳ್ಳಲು ಮುಂದೆ ಬಂದವರು ಬೆಂಗಳೂರಿನ ಸಾಹುಕಾರರು. ತೋಟದ ಜೊತೆಗೆ ಕೆಲಸದವರನ್ನೂ ಉಳಿಸಿಕೊಳ್ಳಬೇಕೆಂದು ದೊರೆ ಕೇಳಿದ್ದ. ಅವರು ಒಪ್ಪಿದ್ದರು, ಬಟ್ಲರ ವಿಷಯ ಬಿಟ್ಟು. ಅಡುಗೆಯವನನ್ನು ಅಡುಗೆ ತಿಂದು ನೋಡಿ ಹೇಳುತ್ತೇವೆ ಎಂದಿದ್ದರು. ಅದು ನ್ಯಾಯವಾದ ಮಾತೇ. ಆಗಸ್ಟ್ ಮೊದಲ ವಾರದಲ್ಲಿ ಗಂಡ ಹೆಂಡತಿ ಬಂದು ಬಂಗಲೆಯಲ್ಲಿ ಉಳಿಯುವುದೆಂದು ನಿರ್ಧಾರವಾಯಿತು.

ಬಟ್ಲರಿಗೆ ಹೆಂಡತಿ ಇರಲಿಲ್ಲ, ತೀರಿಕೊಂಡಿದ್ದರು. ಮಂಗಳೂರಿನಲ್ಲಿ ತಮ್ಮನ ಸಂಸಾರವಿತ್ತು. ಅತಿಥಿಗಳು ಬರುವ ಮೊದಲು ಒಂದು ದಿನ ಸಾಮಾನಿನ ಚೀಟಿ ಕೊಡಲು ಆಫೀಸಿಗೆ ಬಂದವರು ಕುಳಿತುಕೊಂಡರು. ಅವರು ಆಫೀಸಿನಲ್ಲಿ ಕುಳಿತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ತಮ್ಮನ ಮನೆಯಲ್ಲಿ ನನಗೆ ಮಲಗಲಿಕ್ಕೆ ಜಾಗ ಉಂಟು ರೈಟರೇ. ಒಲೆ ಇಲ್ಲ. ತಮ್ಮನ ಹೆಂಡತಿ ನನ್ನನ್ನು ಅಡುಗೆಮನೆಗೆ ಬಿಡುವುದಿಲ್ಲ. ಈ ಊಟ ಅವರಿಗೆ ಹಿಡಿಸಿದ್ರೆ ನಾನು ಇಲ್ಲಿ. ಇಲ್ಲದಿದ್ರೆ ಬಸ್ಸು ಹತ್ತಬೇಕು."

"ಹಿಡಿಸದೆ ಏನು ಬಟ್ಲರೇ" ಎಂದೆ.

"ಹಿಡಿಸ್ತದೆ" ಎಂದರು. ಆ ಮಾತಿನಲ್ಲಿ ಅವರ ಎಂದಿನ ಜೋರು ಇರಲಿಲ್ಲ.

ಅತಿಥಿಗಳು ಬಂದ ದಿನ ಕಕ್ಕಡ ಹದಿನೆಂಟು. ಬೆಂಗಳೂರಿನವರಿಗೆ ಅದು ಒಂದು ಮಂಗಳವಾರವೋ ಬುಧವಾರವೋ ಅಷ್ಟೆ. ತೋಟದಲ್ಲಿ ಅರ್ಧ ದಿನ ಮಾತ್ರ ಕೆಲಸ. ಲೈನಿನಲ್ಲಿ, ಆಫೀಸಿನ ಹಿಂದಿನ ಕ್ವಾರ್ಟರ್ಸಿನಲ್ಲಿ, ಎಲ್ಲ ಮನೆಯಿಂದಲೂ ಅದೇ ವಾಸನೆ. ಸಂಜೆ ಬಂಗಲೆಯ ಅಡುಗೆಮನೆ ದಾಟಿ ಬರುವಾಗ ಅಲ್ಲಿಂದಲೂ ಅದೇ ಬಂತು. ಹಬ್ಬದ ದಿನ ಅಲ್ಲವೇ ಎಂದುಕೊಂಡೆ. ಅಕ್ಕ ಬೆಳಿಗ್ಗೆ ಒಂದು ಹೊರೆ ಸೊಪ್ಪು ಕೊಟ್ಟಿದ್ದಳಂತೆ.

ಊಟದ ವಿವರ ನನಗೆ ಗೊತ್ತಾದದ್ದು ಬಡಿಸುತ್ತಿದ್ದ ಹುಡುಗನಿಂದ. ಮೊದಲು ಥೈಮ್ ಹಾಕಿದ ಸೂಪು. ಆಮೇಲೆ ಈಜಿಪ್ಟಿನ ರೀತಿಯಲ್ಲಿ ನಿಂಬೆ, ಪುದೀನ, ಬೆಳ್ಳುಳ್ಳಿಯಲ್ಲಿ ನೆನೆಸಿ ಕೆಂಡದ ಮೇಲೆ ಸುಟ್ಟ ಕೋಳಿ. ಜೊತೆಗೆ ಇರಾಕಿನಲ್ಲಿ ಕಲಿತ ಸಬ್ಬಸಿಗೆಯ ಅನ್ನ, ನಮ್ಮ ಸಣ್ಣಕ್ಕಿಯಲ್ಲಿ ಮಾಡಿದ್ದು. ಸಾಹುಕಾರರು ಅನ್ನವನ್ನು ಹೊಗಳಿದರು. ಕೊನೆಗೆ ಬಂದದ್ದು ಪುಡ್ಡಿಂಗ್. ಹಾಲು, ಕಾರ್ನ್‌ಫ್ಲೋರ್, ಸಕ್ಕರೆ, ಏಲಕ್ಕಿ, ಅದಕ್ಕೆ ಮದ್ದು ಸೊಪ್ಪಿನ ರಸ. ಅಚ್ಚಿನಿಂದ ತಟ್ಟೆಗೆ ಮಗುಚಿದಾಗ ತಿಳಿ ನೇರಳೆ ಬಣ್ಣದಲ್ಲಿ ಅಲುಗಾಡದೆ ನಿಂತಿತ್ತಂತೆ. ಸಾಹುಕಾರರ ಪತ್ನಿ ಎರಡನೆಯ ಸಲ ಹಾಕಿಸಿಕೊಂಡರು. ಇದಕ್ಕೆ ಏನು ಹೂವು ಹಾಕಿದ್ದೀರಿ ಎಂದು ಕೇಳಿದರು. ಬಟ್ಲರ್ ಬಾಗಿಲ ಬಳಿ ನಿಂತು, "ಹೂವಲ್ಲ ಅಮ್ಮ, ಸೊಪ್ಪು. ಈ ಊರಿನದ್ದು" ಎಂದರಂತೆ. ದೊರೆ ಸಿಹಿ ತಿನ್ನುವವನಲ್ಲ, ಹಾಗಾಗಿ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ನಾನು ಆಫೀಸಿನ ಬೀಗ ತೆಗೆಯುತ್ತಿದ್ದಾಗ ಬಟ್ಲರ್ ಬಂದರು. ಕೊಡೆ ಇರಲಿಲ್ಲ, ತಲೆ ಒದ್ದೆಯಾಗಿತ್ತು.

"ಡಾಕ್ಟ್ರು ಇವತ್ತು ಸೋಮವಾರಪೇಟೆಯಲ್ಲಿ ಇರ್ತಾರಾ?" ಎಂದರು.

"ಇರ್ತಾರೆ. ಯಾರಿಗೆ?"

"ಯಾರಿಗೂ ಅಲ್ಲ" ಎಂದು ಹೊರಟುಬಿಟ್ಟರು.

ಈ ನಾಲ್ಕು ಮಾತನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ... ಅವರು ಅಡುಗೆಯ ರುಚಿ ತಾವು ನೋಡದೆ ಹೊರಗೆ ಕಳಿಸುವವರಲ್ಲ. ಪುಡ್ಡಿಂಗನ್ನೂ ತಿಂದಿರಬೇಕು. ಬೆಳಿಗ್ಗೆ ಎದ್ದು ತಮ್ಮದೇ ಕೆಂಪು ಕಂಡು ಹೆದರಿ ಬಂದಿದ್ದರೇ? ಅಥವಾ ಅತಿಥಿಗಳು ಎದ್ದ ಮೇಲೆ ಏನಾಗುತ್ತದೆ ಎಂದು ಗೊತ್ತಿದ್ದು ಡಾಕ್ಟರನ್ನು ಸಿದ್ಧವಾಗಿ ಇಟ್ಟುಕೊಳ್ಳಲು ಬಂದಿದ್ದರೇ? ಮಾತು ಎರಡಕ್ಕೂ ಹೊಂದುತ್ತದೆ.

ಸ್ವಲ್ಪ ಹೊತ್ತಿಗೆ ಬಂಗಲೆಯಿಂದ ಕಾರು ಸೋಮವಾರಪೇಟೆಯ ಕಡೆ ಹೋಯಿತು. ಸಾಹುಕಾರರು ರಕ್ತ ಹೋಗುತ್ತಿದೆ ಎಂದು ಹಾಸಿಗೆಯಲ್ಲಿ ಮಲಗಿಬಿಟ್ಟಿದ್ದರು. ಅವರ ಪತ್ನಿ ತಮಗೂ ಹಾಗೇ ಎಂದು ಹೇಳಲು ನಾಚಿ ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಡಾಕ್ಟರು ಬಂದರು. ಆ ಸೀಮೆಯಲ್ಲೇ ಹುಟ್ಟಿ ಬೆಳೆದ ಹಿರಿಯರು. ನಾಡಿ ಹಿಡಿದವರು ಕೈಬಿಟ್ಟು, "ನಿನ್ನೆ ಊಟಕ್ಕೆ ನೇರಳೆ ಬಣ್ಣದ್ದು ಏನಾದ್ರೂ ತಿಂದ್ರಾ?" ಎಂದು ಕೇಳಿ ನಗತೊಡಗಿದರು. ಅವರ ನಗು ವರಾಂಡಕ್ಕೆ ಕೇಳಿಸಿತು. ವರಾಂಡದಲ್ಲಿ ಕಾಯುತ್ತಿದ್ದ ನಮಗೆಲ್ಲ ಆಗಲೇ ವಿಷಯ ತಿಳಿದದ್ದು. ಡ್ರೈವರ್ ಬಾಯಿಗೆ ಟವೆಲ್ ಒತ್ತಿಕೊಂಡು ಕಾರಿನ ಹಿಂದೆ ಹೋದ.

ಸಾಹುಕಾರರಿಗೆ ನಗು ಬರಲಿಲ್ಲ. ಜೀವಕ್ಕೆ ಹೆದರಿ ಎರಡು ಗಂಟೆ ಮಲಗಿದ್ದ ಮನುಷ್ಯನನ್ನು ಅದಕ್ಕಾಗಿ ದೂರುವಂತಿಲ್ಲ. ಶಾಲು ಹೊದ್ದು ವರಾಂಡಕ್ಕೆ ಬಂದು ಬೆತ್ತದ ಕುರ್ಚಿಯಲ್ಲಿ ಕುಳಿತರು. ಬಟ್ಲರನ್ನು ಕರೆಸಿದರು. ದೊರೆ ಇದ್ದ, ಡಾಕ್ಟರು ಇದ್ದರು. ತೋಟದ ನಕ್ಷೆ ತೋರಿಸಲೆಂದು ಬಂದಿದ್ದ ನಾನೂ ಇದ್ದೆ.

ಮೊದಲು ಮಾತಾಡಿದವನು ದೊರೆ. ತನ್ನ ತೋಟದ ಕನ್ನಡದಲ್ಲಿ, "ಇವನು ಮಂಗಳೂರು. ಮಳೆಗಾಲ ಪ್ರತಿ ವರ್ಷ ನನ್ನ ಜೊತೆ ಊಟಿ. ಈ ಹಬ್ಬಕ್ಕೆ ಇಲ್ಲಿ ಇದ್ದದ್ದು ಇದೇ ಮೊದಲು. ಇವನಿಗೆ ಗೊತ್ತಿಲ್ಲ" ಎಂದ. ಅದು ನಿಜ. ಆ ವರ್ಷ ತೋಟದ ಮಾರಾಟದಿಂದಾಗಿ ದೊರೆ ಊಟಿಗೆ ಹೋಗಿರಲಿಲ್ಲ. ಬಟ್ಲರ್ ಹೌದೆಂದು ತಲೆ ಆಡಿಸಿದ್ದರೆ ಸಾಕಿತ್ತು.

ಸಾಹುಕಾರರು ಬಟ್ಲರ ಕಡೆ ತಿರುಗಿದರು. "ಗೊತ್ತಿತ್ತೋ, ಗೊತ್ತಿರಲಿಲ್ವೋ? ನೀವೇ ಹೇಳಿ. ಗೊತ್ತಿಲ್ಲದೆ ಆಗಿದ್ರೆ ಇಲ್ಲಿಗೇ ಬಿಡ್ತೀನಿ."

ಬಟ್ಲರ್ ಬಿಳಿ ಅಂಗಿ ತೊಟ್ಟು ನೆಟ್ಟಗೆ ನಿಂತಿದ್ದರು. ಅವರು ದೊರೆಯನ್ನು ನೋಡಿದರು. ಆಮೇಲೆ, ಯಾಕೋ, ನನ್ನನ್ನು ನೋಡಿದರು.

"ಗೊತ್ತಿಲ್ಲದ್ದನ್ನು ನಾನು ಪಾತ್ರೆಗೆ ಹಾಕುವುದಿಲ್ಲ ಸಾರ್."

"ಅಂದ್ರೆ ಗೊತ್ತಿತ್ತು."

"ಹೌದು ಸಾರ್."

"ಗೊತ್ತಿದ್ದೂ ನಮಗೆ ಹೇಳಲಿಲ್ಲ?"

"ಇಲ್ಲಿ ಯಾರೂ ಹೇಳುವುದಿಲ್ಲ ಸಾರ್."

ಡಾಕ್ಟರು ಬಾಯಿ ಹಾಕಿದರು. "ಅದು ನಿಜ. ನಮ್ಮ ಮನೇಲೂ ಹೇಳಲ್ಲ. ಬಿಡಿ ಸಾರ್, ಕಿಡ್ನಿಗೆ ಒಳ್ಳೇದೇ ಆಯ್ತು ಅಂದ್ಕೊಳ್ಳಿ" ಎಂದರು. ಸಾಹುಕಾರರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಬಾಗಿಲ ಬಳಿ ಅವರ ಪತ್ನಿ ಬಂದು ನಿಂತಿದ್ದರು. ಸಾಹುಕಾರರು ತೋಟ ತೆಗೆದುಕೊಳ್ಳುತ್ತೇವೆ ಎಂದರು. ಅಡುಗೆಗೆ ತಮ್ಮವರನ್ನೇ ಕರೆತರುತ್ತೇವೆ ಎಂದೂ ಹೇಳಿದರು. ಗಟ್ಟಿಯಾಗಿ ಒಂದು ಮಾತೂ ಆಡಲಿಲ್ಲ.

ನಾನು ಅಂದು ಮಧ್ಯಾಹ್ನ ಲೈನಿಗೆ ಹೋಗಿ ಸೊಪ್ಪು ತಂದ ಅಕ್ಕನನ್ನು ಕೇಳಿದೆ.

"ನೀನು ಬಟ್ಲರಿಗೆ ಹೇಳಿದ್ಯಾ, ತಿಂದ್ರೆ ಹೀಗಾಗತ್ತೆ ಅಂತ?"

"ಹೇಳದೆ ಏನು? ಹದಿನೆಂಟು ಮದ್ದೈತೆ, ಇವತ್ತೇ ತಿನ್ನಬೇಕು ಅಂತ ಎಲ್ಲಾ ಹೇಳ್ದೆ."

"ಕೆಂಪು ಹೋಗತ್ತೆ ಅಂತ ಹೇಳಿದ್ಯಾ?"

"ಅದನ್ನ ಯಾರಾದ್ರೂ ಗಂಡಸರಿಗೆ ಬಾಯ್ಬಿಟ್ಟು ಹೇಳ್ತಾರೇನ್ರೀ ರೈಟ್ರೇ? ನಾಳೆ ಬೆಳಿಗ್ಗೆ ನಿಮಗೇ ಗೊತ್ತಾಯ್ತದೆ ಅಂದೆ. ಅವರು ನಕ್ಕರು."

ನಕ್ಕರು ಎಂದರೆ ಅರ್ಥವಾಗಿ ನಕ್ಕರೇ, ಅರ್ಥವಾಗದೆ ನಕ್ಕರೇ ಎಂದು ಕೇಳಿದೆ. "ನಗು ನಗುವೇ ಅಲ್ವಾ" ಎಂದಳು ಅಕ್ಕ. ಆಮೇಲೆ ಅವಳಿಗೆ ಬಟ್ಲರ ಕೆಲಸ ಹೋದ ಸುದ್ದಿ ಹೇಳಿದೆ. ಅವಳು ಜಗಲಿಯ ಮೇಲೆ ಕುಳಿತುಬಿಟ್ಟಳು. ಬಂಗಲೆಗೆ ಹೋಗಿ ಸಾಹುಕಾರರ ಹತ್ತಿರ ತಾನೇ ಹೇಳುತ್ತೇನೆ ಎಂದು ಎದ್ದಳು. ಏನು ಹೇಳುತ್ತೀ ಎಂದು ಕೇಳಿದೆ. ತಾನು ಹೇಳಿದ್ದೆ ಎಂದರೆ ಬಟ್ಲರ್ ತಪ್ಪಿತಸ್ಥ. ಹೇಳಿರಲಿಲ್ಲ ಎಂದರೆ ಅವರು ವರಾಂಡದಲ್ಲಿ ಸುಳ್ಳು ಹೇಳಿದಂತೆ. ಮತ್ತೆ ಕುಳಿತುಕೊಂಡಳು.

ಬಟ್ಲರ್ ಹೋಗುವ ದಿನ ಸೊಪ್ಪಿನ ಪಾತಿಯನ್ನು ನೋಡಲಿಲ್ಲ. ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ, ನನಗೆ ಕೈ ಮುಗಿದು, "ಆ ಅನ್ನಕ್ಕೆ ಸಬ್ಬಸಿಗೆ ಸ್ವಲ್ಪ ಜಾಸ್ತಿಯಾಗಿತ್ತು ರೈಟರೇ" ಎಂದರು. ಅವರು ತಮ್ಮ ಅಡುಗೆಯಲ್ಲಿ ಕೊರತೆ ಹೇಳಿದ್ದು ಅದೊಂದೇ ಸಲ. ಅದೂ ತಿಂದವರು ಹೊಗಳಿದ್ದ ಅನ್ನ...

ಹೊಸ ಅಡುಗೆಯವರು ಬಂದರು. ಒಳ್ಳೆಯ ಸಾರು, ಪಲ್ಯ ಮಾಡುತ್ತಿದ್ದರು. ಮುಂದಿನ ವರ್ಷ ಕಕ್ಕಡದಲ್ಲಿ ಸಾಹುಕಾರರ ಪತ್ನಿ ಬಂಗಲೆಗೆ ಬಂದಿದ್ದರು. ಅಕ್ಕನನ್ನು ಕರೆಸಿ ಆ ಸೊಪ್ಪು ತರಿಸಿದರು. ಹೊಸಬರು ಮಾಡಿದ ಪುಡ್ಡಿಂಗ್ ಗಟ್ಟಿಯಾಗಲಿಲ್ಲ, ಬಣ್ಣ ಬೂದಿಯಂತಾಯಿತು. ಆಕೆ ಒಂದು ಚಮಚ ತಿಂದು ತಟ್ಟೆ ಸರಿಸಿ, "ಅವರು ಈಗ ಎಲ್ಲಿದ್ದಾರೆ?" ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

ರಾಜ್ಯ ವಿಲೀನವಾದ ಮೇಲೆ ನಾನು ತೋಟ ಬಿಟ್ಟು ಮೈಸೂರಿನ ಪತ್ರಿಕೆಯೊಂದಕ್ಕೆ ಸೇರಿದೆ. ಕೇಳಿದ್ದು, ಕಂಡದ್ದು, ಊಹಿಸಿದ್ದು ಎಂದು ಮೂರನ್ನೂ ಬೇರೆ ಬೇರೆ ಇಡುವುದನ್ನು ಅಲ್ಲಿ ಕಲಿತೆ. ಬಟ್ಲರ ಸಂಗತಿಯನ್ನು ಆ ಮೂರರಲ್ಲಿ ಹಂಚಲು ಕೆಲವು ಸಲ ಪ್ರಯತ್ನಿಸಿದ್ದೇನೆ. ಗೊತ್ತಿತ್ತೆಂದು ಅವರು ಒಪ್ಪಿಕೊಂಡದ್ದನ್ನು ನಾನೇ ಕೇಳಿದ್ದೇನೆ. ಬೆಳಿಗ್ಗೆ ಒದ್ದೆ ತಲೆಯಲ್ಲಿ ಬಂದದ್ದನ್ನು ನಾನೇ ಕಂಡಿದ್ದೇನೆ. ಎರಡೂ ನಿಜ, ಎರಡೂ ಒಂದೇ ಮನುಷ್ಯನವು. ಗೊತ್ತಿಲ್ಲದ ಎಲೆ ಹಾಕಿದೆ ಎಂದು ಒಪ್ಪಿಕೊಳ್ಳುವ ಬದಲು ಒಲೆಯನ್ನೇ ಬಿಟ್ಟುಕೊಟ್ಟರೇ? ಅಥವಾ ನಿಜವಾಗಿ ಗೊತ್ತಿದ್ದು, ಊರಿನವರು ಹೇಳದ ಹಾಗೆ ತಾವೂ ಹೇಳದೆ, ಊರಿನವರೇ ಆಗಿಬಿಟ್ಟಿದ್ದರೇ? ಒಂದು ವರ್ಷ ಒಂದು ಕಡೆ ವಾಲುತ್ತೇನೆ, ಇನ್ನೊಂದು ವರ್ಷ ಇನ್ನೊಂದು ಕಡೆ.

ಕೇಳುವ ಅವಕಾಶ ಒಮ್ಮೆ ಸಿಕ್ಕಿತ್ತು. ನಮ್ಮ ತಂದೆಯವರನ್ನು ಮೈಸೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದಾಗ ಕಾರಿಡಾರಿನಲ್ಲಿ ಊಟದ ಕೈಗಾಡಿ ತಳ್ಳಿಕೊಂಡು ಬರುತ್ತಿದ್ದವರು ಬಟ್ಲರ್. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರೇ ನನ್ನನ್ನು ಗುರುತಿಸಿದರು.

"ಚಿಕ್ಕ ರೈಟರಲ್ವಾ? ಎಂತ ಮಾರಾಯ್ರೇ, ದಪ್ಪ ಆಗಿದ್ದೀರಿ. ಹೆಂಡತಿ ಎಣ್ಣೆ ಜಾಸ್ತಿ ಹಾಕ್ತಾರೆ."

ಆಸ್ಪತ್ರೆಯ ಅಡುಗೆಮನೆಯಲ್ಲಿದ್ದೇನೆ ಎಂದರು. ದೊರೆ ಊರಲ್ಲಿ ತೀರಿಕೊಂಡ ಸುದ್ದಿ ಹೇಳಿದೆ. ಗಾಡಿಯ ಹಿಡಿಯನ್ನು ಬಟ್ಟೆಯಿಂದ ಒರೆಸಿದರು. ಆಮೇಲೆ ನಾನು ಕೇಳಿಯೇಬಿಟ್ಟೆ.

"ಬಟ್ಲರೇ, ಆ ದಿನ ನಿಮಗೆ ನಿಜವಾಗಿ ಗೊತ್ತಿತ್ತಾ?"

"ಆ ಅಮ್ಮ ಎರಡು ಸಲ ಹಾಕಿಸಿಕೊಂಡರು" ಎಂದರು.

"ಅದಲ್ಲ, ಸೊಪ್ಪಿನ ವಿಷಯ..."

"ತಟ್ಟೆ ಖಾಲಿ ಬಂತು ರೈಟರೇ. ನಾನೇ ನೋಡಿದ್ದೇನೆ. ಸಾಹುಕಾರರದ್ದೂ ಖಾಲಿ."

ವಾರ್ಡಿನಿಂದ ಯಾರೋ ಕರೆದರು. ಅವರು ಗಾಡಿ ತಳ್ಳಿಕೊಂಡು ಹೋದರು. ಸಾಹುಕಾರರ ಪತ್ನಿ ಅವರನ್ನು ವಿಚಾರಿಸಿದ್ದರೆಂದು ಹೇಳಬೇಕೆಂದು ನೆನಪಾಗುವಷ್ಟರಲ್ಲಿ ಕಾರಿಡಾರ್ ಖಾಲಿಯಾಗಿತ್ತು. ಮರುದಿನ ತಂದೆಯವರನ್ನು ಮನೆಗೆ ಕಳಿಸಿದರು. ಮತ್ತೆ ಆ ಕಡೆ ಹೋಗಲು ಆಗಲಿಲ್ಲ.

ಈಗ ಅಕ್ಕ ಇಲ್ಲ, ಡಾಕ್ಟರು ಇಲ್ಲ, ಸಾಹುಕಾರ ದಂಪತಿಗಳೂ ಇಲ್ಲ. ಬಟ್ಲರ್ ಬದುಕಿದ್ದರೆ ನೂರು ದಾಟಿ ಬಹಳ ವರ್ಷಗಳಾಗಿರುತ್ತಿತ್ತು. ಎಲ್ಲಿ, ಯಾವಾಗ ಹೋದರು ಎಂಬುದು ವಿಚಾರಿಸಿದರೂ ತಿಳಿಯಲಿಲ್ಲ.

ಅವರ ಬಗ್ಗೆ ಖಚಿತವಾಗಿ ಹೇಳಬಹುದಾದ ಕೊನೆಯ ಸಂಗತಿ ಇದು, ತಂದೆಯವರ ವಾರ್ಡಿನಲ್ಲಿ ಕೇಳಿ ತಿಳಿದದ್ದು. ಆ ಆಸ್ಪತ್ರೆಯಲ್ಲಿ ಅವರು ಬೇಯಿಸುತ್ತಿದ್ದದ್ದು ರೋಗಿಗಳ ಗಂಜಿ. ಯಾವ ಪಾತ್ರೆಗೆ ಉಪ್ಪು ಹಾಕಬಹುದು, ಯಾವುದಕ್ಕೆ ಬೇಡ ಎಂಬುದನ್ನು ಬೆಳಿಗ್ಗೆ ನರ್ಸು ಬಂದು ಹೇಳಿ ಹೋಗುತ್ತಿದ್ದರು.